ಅಮ್ಮನ ಕಷ್ಟ, ತಮ್ಮನ ಕಾಯಿಲೆ: ಸ್ಕಿಜೋಫ್ರೇನಿಯಾದಲ್ಲಿ ಎಪಿಜೆನೆಟಿಕ್ಸ್ ಪಾತ್ರ ಎಷ್ಟು?

ಪ್ರಶ್ನೆ: ನನಗೆ 34 ವರ್ಷ. ತಮ್ಮನಿಗೆ 21ನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಶುರುವಾಯಿತು. ಈಗ ಔಷಧಿಯಲ್ಲಿ ತಕ್ಕಮಟ್ಟಿಗೆ ಚೆನ್ನಾಗಿದ್ದಾನೆ. ಅವನು ಹೊಟ್ಟೆಯಲ್ಲಿದ್ದಾಗ ಅಮ್ಮ ತುಂಬಾ ಕಷ್ಟದಲ್ಲಿದ್ದರು, ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲವಂತೆ. ಗರ್ಭಿಣಿಯ ಸಂಕಟ ಮಗುವಿನ ಜೀನ್‌ಗಳ ಮೇಲೆ ಗುರುತು ಬಿಡುತ್ತದೆ, ಅದೇ ಎಪಿಜೆನೆಟಿಕ್ಸ್ ಎಂದು ಎಲ್ಲೋ ಕೇಳಿದ ಮೇಲೆ ‘ನನ್ನಿಂದಲೇ ಹೀಗಾಯ್ತು’ ಅಂತ ಕೊರಗುತ್ತಿದ್ದಾರೆ. ಇದು ನಿಜವೇ? ಈ ಗುರುತುಗಳನ್ನು ರಕ್ತ ಪರೀಕ್ಷೆಯಲ್ಲಿ ನೋಡಬಹುದೇ? ವಿಟಮಿನ್ ಅಥವಾ ಔಷಧಿಯಿಂದ ಅಳಿಸಬಹುದೇ? ನಾನು ಮಗು ಮಾಡಿಕೊಳ್ಳಬೇಕು ಅಂತಿದ್ದೇನೆ. ಭಯವಾಗುತ್ತಿದೆ.

ಉತ್ತರ: ಅಮ್ಮನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದವು ಸ್ವಲ್ಪ ಕಾಯಬಹುದು, ಅದು ಕಾಯುವಂಥದ್ದಲ್ಲ. ಅವರಿಂದಲೇ ಈ ಕಾಯಿಲೆ ಬಂತು ಎನ್ನಲು ಯಾವ ಆಧಾರವೂ ಇಲ್ಲ. ಎಪಿಜೆನೆಟಿಕ್ಸ್ ಬಗ್ಗೆ ಇಷ್ಟೆಲ್ಲ ಗೊತ್ತಾದ ಮೇಲೂ ಇಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಲೆಕ್ಕ ಮುಂದಿಡುತ್ತೇನೆ, ಅವರಿಗೂ ಓದಿ ಹೇಳಿ.

ತದ್ರೂಪಿ ಅವಳಿಗಳಿಂದ ಶುರು ಮಾಡೋಣ. ಇಬ್ಬರದೂ ಹೆಚ್ಚುಕಡಿಮೆ ಒಂದೇ ಡಿಎನ್‌ಎ. ಸ್ಕಿಜೋಫ್ರೇನಿಯಾ ಪೂರ್ತಿ ಜೀನ್‌ಗಳ ಕೆಲಸವೇ ಆಗಿದ್ದರೆ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರಲೇಬೇಕಿತ್ತು. ಹಾಗಾಗುವುದಿಲ್ಲ. ಡೆನ್ಮಾರ್ಕ್‌ನಲ್ಲಿ ಅವಳಿಗಳ ದಾಖಲೆಯನ್ನೂ ಮನೋರೋಗಗಳ ದಾಖಲೆಯನ್ನೂ ಜೋಡಿಸಿ ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ ಇನ್ನೊಬ್ಬರಿಗೂ ಬಂದದ್ದು 100ಕ್ಕೆ ಸುಮಾರು 33 ಸಲ. ಡಿಎನ್‌ಎ ಅಷ್ಟೊಂದು ಹೋಲದ ಸಾಮಾನ್ಯ ಅವಳಿಗಳಲ್ಲಿ ಸುಮಾರು 7 ಸಲ. 7ಕ್ಕೂ 33ಕ್ಕೂ ಇರುವ ಅಂತರ ನೋಡಿದರೆ ಜೀನ್‌ಗಳ ಪಾತ್ರ ದೊಡ್ಡದು ಎಂದು ಗೊತ್ತಾಗುತ್ತದೆ. 33ಕ್ಕೂ 100ಕ್ಕೂ ಇರುವ ಅಂತರ ನೋಡಿದರೆ ಜೀನ್ ಒಂದೇ ಸಾಲದು ಎಂದೂ ಗೊತ್ತಾಗುತ್ತದೆ.

ಅದೇ ಅಧ್ಯಯನ ಕಾಯಿಲೆಯ ಆನುವಂಶಿಕತೆಯನ್ನು 79% ಎಂದು ಲೆಕ್ಕ ಹಾಕಿತು. ಈ ಸಂಖ್ಯೆಯನ್ನು ತಪ್ಪಾಗಿ ಓದುವವರೇ ಜಾಸ್ತಿ. ಒಂದು ದೊಡ್ಡ ಜನಸಮೂಹದಲ್ಲಿ ಕೆಲವರಿಗೆ ಅಪಾಯ ಹೆಚ್ಚು, ಕೆಲವರಿಗೆ ಕಡಿಮೆ. ಆ ಏರುಪೇರಿನಲ್ಲಿ ಎಷ್ಟು ಭಾಗ ಜೀನ್‌ಗಳ ವ್ಯತ್ಯಾಸದಿಂದ ಬಂದದ್ದು ಎಂದು ಮಾತ್ರ ಅದು ಹೇಳುತ್ತದೆ. ನಿಮ್ಮ ತಮ್ಮನ ಕಾಯಿಲೆಯಲ್ಲಿ 79 ಪಾಲು ಜೀನ್, ಉಳಿದ 21 ಪಾಲು ಅಮ್ಮ ಎಂದು ಹಂಚಲು ಬರುವುದಿಲ್ಲ.

ಹಾಗಾದರೆ ಆ ಅವಳಿಗಳಲ್ಲಿ ಒಬ್ಬರು ಯಾಕೆ ಉಳಿದುಕೊಂಡರು? ಎಪಿಜೆನೆಟಿಕ್ಸ್ ಬರುವುದು ಇಲ್ಲಿ. ನಿಮ್ಮ ಮೆದುಳಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ, ಕೆಲಸ ಮಾತ್ರ ಬೇರೆ ಬೇರೆ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕು ಎನ್ನುವುದನ್ನು ಡಿಎನ್‌ಎ ಮೇಲೆ ಅಂಟಿಕೊಳ್ಳುವ ಸಣ್ಣ ಸಣ್ಣ ರಾಸಾಯನಿಕ ಗುರುತುಗಳೂ ನಿರ್ಧರಿಸುತ್ತವೆ. ಎಲ್ಲಕ್ಕಿಂತ ಪರಿಚಿತವಾದದ್ದು ಮಿಥೈಲ್ ಗುಂಪು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಗಾತ್ರ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್ ಮೇಲೆ, ಸಾಮಾನ್ಯವಾಗಿ ಅದರ ಪಕ್ಕದಲ್ಲಿ ಗ್ವಾನಿನ್ ಇರುವ ಕಡೆ, ಇದು ಕೂರುತ್ತದೆ. ಒಂದು ಜೀನ್‌ನ ಆರಂಭದ ಭಾಗದಲ್ಲಿ ಇಂಥವು ಗುಂಪಾಗಿ ಕೂತರೆ ಆ ಜೀನ್ ಬಹುಮಟ್ಟಿಗೆ ಸುಮ್ಮನಾಗುತ್ತದೆ.

ಇನ್ನೊಂದು ಬಗೆ ಹಿಸ್ಟೋನ್‌ಗಳದ್ದು. ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದು ರೀಲಿಗೆ ಸುತ್ತಿದ ದಾರದ ಹಾಗೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಓದಲು ಕಷ್ಟ, ಸಡಿಲವಾದ ಕಡೆ ಸುಲಭ. ಬಿಗಿ ಸಡಿಲ ಮಾಡುವುದು ಹಿಸ್ಟೋನ್ ಮೇಲಿನ ಗುರುತುಗಳು.

ಈ ಗುರುತುಗಳು ಬದಲಾಗಲು ಆಹಾರ, ಸೋಂಕು, ಹೊಗೆ, ಹಾರ್ಮೋನು, ಒತ್ತಡ ಎಲ್ಲವೂ ಕಾರಣವಾಗಬಹುದು. ಆದರೆ ಜನ ಮರೆಯುವ ಕಾರಣ ಒಂದಿದೆ: ಸುಮ್ನೆ ಆಕಸ್ಮಿಕ. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಈ ಗುರುತುಗಳನ್ನೂ ನಕಲು ಮಾಡಬೇಕು, ಆ ನಕಲು ಡಿಎನ್‌ಎಯ ನಕಲಿನಷ್ಟು ಪಕ್ಕಾ ಇರುವುದಿಲ್ಲ. ಚಿಕ್ಕ ವಯಸ್ಸಿನ ತದ್ರೂಪಿ ಅವಳಿಗಳ ಗುರುತುಗಳು ಬಹಳ ಹೋಲುತ್ತವೆ, ವಯಸ್ಸಾದಂತೆ ದೂರವಾಗುತ್ತವೆ ಎಂದು 2005ರಲ್ಲೇ ಸ್ಪೇನಿನ ಸಂಶೋಧಕರ ನೇತೃತ್ವದ ತಂಡವೊಂದು ತೋರಿಸಿತು. ಯಾರೂ ಏನೂ ಮಾಡದೆಯೂ ಇಬ್ಬರ ನಡುವೆ ವ್ಯತ್ಯಾಸ ಹುಟ್ಟಬಹುದು. ಆಕಸ್ಮಿಕದ ಮೇಲೆ ಕೋಪ ಮಾಡಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಇರಬೇಕು ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

ಈಗ ಅಮ್ಮನ ಭಯದ ಬೇರಿಗೆ ಬರೋಣ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ನೆದರ್‌ಲ್ಯಾಂಡ್ಸ್‌ನಲ್ಲಿ ಭೀಕರ ಹಸಿವು ಬಂತು. ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ 1000 ಕ್ಯಾಲರಿಗಿಂತ ಕೆಳಗಿಳಿಯಿತು. ಆ ಹಸಿವಿನ ತುತ್ತತುದಿಯಲ್ಲಿ ಗರ್ಭದಲ್ಲಿ ರೂಪುಗೊಂಡ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಂಡಿತು. ಎಜ್ರಾ ಸಸ್ಸರ್ ಮತ್ತು ಶಾಂಗ್ ಲಿನ್ ಇದನ್ನು ವರದಿ ಮಾಡಿದ್ದು 1992ರಲ್ಲಿ. ಚೀನಾದಲ್ಲಿ 1959–61ರ ಮಹಾ ಕ್ಷಾಮದ ಮಕ್ಕಳಲ್ಲೂ ಇದೇ ಕಂಡಿತು. ಆನ್‌ಹುಯಿ ಪ್ರಾಂತ್ಯದ ವೂಹು ಪ್ರದೇಶದ ದಾಖಲೆಗಳ ಪ್ರಕಾರ, 1959ರಲ್ಲಿ ಹುಟ್ಟಿದವರಲ್ಲಿ ಸುಮಾರು 0.84% ಇದ್ದ ಕಾಯಿಲೆ 1960ರಲ್ಲಿ ಹುಟ್ಟಿದವರಲ್ಲಿ 2.15% ಆಗಿತ್ತು.

2008ರಲ್ಲಿ ಇನ್ನೊಂದು ಸುದ್ದಿ ಬಂತು. ನೆದರ್‌ಲ್ಯಾಂಡ್ಸ್‌ನ ಅದೇ ಚಳಿಗಾಲದಲ್ಲಿ ಗರ್ಭದ ಮೊದಲ ತಿಂಗಳುಗಳನ್ನು ಕಳೆದವರ ರಕ್ತ ನೋಡಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನ್ ಮೇಲೆ ಮಿಥೈಲ್ ಗುರುತುಗಳು ಅವರ ಒಡಹುಟ್ಟಿದವರಿಗಿಂತ ಸ್ವಲ್ಪ ಕಡಿಮೆಯಿದ್ದವು. ಹಸಿವು ಮುಗಿದು 60 ವರ್ಷ ಆದ ಮೇಲೂ! ಓದಿದರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಇಲ್ಲೇ ಜನ ಎರಡು ಸುದ್ದಿಗಳನ್ನು ಗಂಟು ಹಾಕಿಬಿಡುತ್ತಾರೆ. ಹಸಿವು ಗುರುತು ಬಿಟ್ಟಿತು, ಗುರುತು ಕಾಯಿಲೆ ತಂದಿತು ಎಂದು. ಆ 2008ರ ಅಧ್ಯಯನ ಸ್ಕಿಜೋಫ್ರೇನಿಯಾ ಇರುವವರ ಬಗ್ಗೆ ಮಾಡಿದ್ದೇ ಅಲ್ಲ. ಐಜಿಎಫ್2 ಮೇಲಿನ ಆ ಸಣ್ಣ ಬದಲಾವಣೆಯಿಂದ ಈ ಕಾಯಿಲೆ ಬರುತ್ತದೆ ಎಂದು ಅದು ತೋರಿಸಿಲ್ಲ. ಎರಡು ನಿಜಗಳಿವೆ, ನಡುವಿನ ಕೊಂಡಿ ಇಲ್ಲ.

ಕೊಂಡಿ ನಾಳೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ವೂಹು ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ. ಕೋಟ್ಯಂತರ ಜನ ಸತ್ತ ಕ್ಷಾಮದ ನಡುವೆ ಹುಟ್ಟಿದ ಪ್ರತಿ 100 ಮಕ್ಕಳಲ್ಲಿ ಸುಮಾರು 98 ಮಂದಿಗೆ ಈ ಕಾಯಿಲೆ ಬರಲಿಲ್ಲ. ಅದರ ಮುಂದೆ, ಕಷ್ಟದಲ್ಲಿದ್ದ ಒಬ್ಬ ತಾಯಿ ಕೆಲವು ತಿಂಗಳು ಸರಿಯಾಗಿ ಊಟ ಮಾಡದೆ ಇದ್ದದ್ದು ಎಷ್ಟರದ್ದು? ಗರ್ಭಿಣಿಗೆ ಬರುವ ಕೆಲವು ಸೋಂಕುಗಳು, ಹೆರಿಗೆಯಲ್ಲಿ ಮಗುವಿಗೆ ಆಮ್ಲಜನಕ ಕಡಿಮೆಯಾಗುವುದು, ಇವೂ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತವೆ. ಇವುಗಳಲ್ಲಿ ಯಾವುದೂ ಒಂದೇ ಸಾಕು ಅನ್ನುವಷ್ಟು ದೊಡ್ಡದಲ್ಲ, ಇವುಗಳಲ್ಲಿ ಯಾವುದೂ ತಾಯಿ ಆರಿಸಿಕೊಂಡದ್ದೂ ಅಲ್ಲ.

ಇಲ್ಲಿ ಸ್ವಲ್ಪ ಕೋಪದಿಂದಲೇ ಒಂದು ಮಾತು. ಮನೋವೈದ್ಯರು ತಾಯಂದಿರನ್ನು ಒಮ್ಮೆ ಕಟಕಟೆಗೆ ತಂದಾಗಿದೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ವೈದ್ಯೆ ‘ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ’ ಎಂಬ ಕಲ್ಪನೆಯನ್ನು ಬರೆದರು. ತಣ್ಣಗಿನ, ಮಗುವನ್ನು ದೂರ ತಳ್ಳುವ ತಾಯಿಯಿಂದ ಕಾಯಿಲೆ ಬರುತ್ತದೆ ಎನ್ನುವ ಆ ಮಾತು ಮುಂದಿನ ಎರಡು ಮೂರು ದಶಕ ಎಷ್ಟೋ ಮನೆಗಳನ್ನು ಸುಟ್ಟಿತು. ಅದಕ್ಕೆ ಪುರಾವೆ ಸಿಗಲಿಲ್ಲ, ಕೊನೆಗೆ ಅದನ್ನು ಬಿಡಲಾಯಿತು. ಈಗ ಅದೇ ಆರೋಪ ಮಿಥೈಲ್ ಗುಂಪಿನ ಹೆಸರು ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಬರುತ್ತಿದೆ. 2004ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಇಲಿಗಳ ಪ್ರಯೋಗವನ್ನು ಇದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಮರಿಗಳನ್ನು ಹೆಚ್ಚು ನೆಕ್ಕಿ ಸಾಕಿದ ತಾಯಿ ಇಲಿಗಳ ಮರಿಗಳಲ್ಲಿ ಒತ್ತಡಕ್ಕೆ ಸಂಬಂಧಿಸಿದ ಒಂದು ಜೀನ್ ಮೇಲೆ ಗುರುತುಗಳು ಕಡಿಮೆಯಿದ್ದವು, ಅವು ಒತ್ತಡವನ್ನು ಚೆನ್ನಾಗಿ ತಡೆದುಕೊಂಡವು. ಒಳ್ಳೆಯ ಪ್ರಯೋಗವೇ. ಆದರೆ ಅದು ಇಲಿಗಳ ಒತ್ತಡದ ಬಗ್ಗೆ, ಮನುಷ್ಯರ ಸ್ಕಿಜೋಫ್ರೇನಿಯಾ ಬಗ್ಗೆ ಅಲ್ಲ.

ಇನ್ನು ಮೆದುಳಿನಲ್ಲೇ ಏನು ಕಂಡಿದೆ ಎಂದು ನೋಡೋಣ. 1998ರಲ್ಲಿ ಶಿಕಾಗೋದ ತಂಡವೊಂದು, ಸ್ಕಿಜೋಫ್ರೇನಿಯಾ ಇದ್ದು ತೀರಿಕೊಂಡವರ ಮೆದುಳಿನಲ್ಲಿ ರೀಲಿನ್ ಎಂಬ ಪ್ರೋಟೀನ್ ಸುಮಾರು ಅರ್ಧದಷ್ಟೇ ಇದೆ ಎಂದು ವರದಿ ಮಾಡಿತು. ಗರ್ಭದಲ್ಲಿ ನರಕೋಶಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲಲು ರೀಲಿನ್ ಬೇಕು. 2005ರಲ್ಲಿ ಎರಡು ತಂಡಗಳು ಕಾರಣ ಸಿಕ್ಕಿತು ಎಂದವು: ರೀಲಿನ್ ಜೀನ್‌ನ ಆರಂಭದ ಭಾಗದಲ್ಲಿ ಮಿಥೈಲ್ ಗುರುತು ಜಾಸ್ತಿ. ಎಲ್ಲರೂ ಸಂಭ್ರಮಪಟ್ಟರು. ಆಮೇಲೆ ಬೇರೆ ಪ್ರಯೋಗಾಲಯಗಳಲ್ಲಿ ನೋಡಿದಾಗ ಅದೇ ಫಲಿತಾಂಶ ಎಲ್ಲ ಕಡೆ ಬರಲಿಲ್ಲ.

ಯಾಕೆ ಹೀಗೆ? ಪ್ರಯೋಗಾಲಯದ ಮೇಜಿನ ಮುಂದೆ ನಿಂತು ನೋಡಿ, ಅರ್ಥವಾಗುತ್ತದೆ. ಸಂಶೋಧಕರ ಕೈಯಲ್ಲಿರುವುದು ಮೆದುಳಿನ ಒಂದು ಚೂರು. ಅದರಲ್ಲಿ ನರಕೋಶಗಳೂ ಇವೆ, ಅವಕ್ಕೆ ಆಸರೆಯಾಗಿರುವ ಬೇರೆ ಜೀವಕೋಶಗಳೂ ಇವೆ. ಪ್ರತಿಯೊಂದು ಬಗೆಯ ಕೋಶಕ್ಕೂ ಅದರದೇ ಗುರುತುಗಳು. ಎಲ್ಲವನ್ನೂ ಸೇರಿಸಿ ಅರೆದರೆ, ಕಂಡ ವ್ಯತ್ಯಾಸ ಕಾಯಿಲೆಯದೋ ಕೋಶಗಳ ಪ್ರಮಾಣ ಹೆಚ್ಚುಕಡಿಮೆ ಆದದ್ದೋ ಹೇಳುವುದು ಕಷ್ಟ. ಆ ವ್ಯಕ್ತಿ 20–30 ವರ್ಷ ಔಷಧಿ ತೆಗೆದುಕೊಂಡಿರಬಹುದು. ಬಹಳ ಸಿಗರೇಟು ಸೇದಿರಬಹುದು. ಕಾಯಿಲೆಯ ಮುಂಚೆ ಆ ಮೆದುಳು ಹೇಗಿತ್ತು ಎಂದು ನೋಡಲು ದಾರಿಯೇ ಇಲ್ಲ.

2016ರಲ್ಲಿ ಬಾಲ್ಟಿಮೋರ್‌ನ ಲೀಬರ್ ಸಂಸ್ಥೆಯವರು ಮಾಡಿದ ಕೆಲಸ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಗರ್ಭದಿಂದ ಮುಪ್ಪಿನವರೆಗಿನ ಮೆದುಳುಗಳ ಮುಂಭಾಗದ ಅಂಗಾಂಶವನ್ನು ಅವರು ಪರೀಕ್ಷಿಸಿದರು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಗುರುತು ಬೇರೆಯಿರುವ 2,104 ಜಾಗಗಳು ಸಿಕ್ಕವು. ಪ್ರತಿ ಜಾಗದಲ್ಲೂ ವ್ಯತ್ಯಾಸ ಸಣ್ಣದೇ. ಸ್ವಾರಸ್ಯ ಇರುವುದು ಆ ಜಾಗಗಳ ಚರಿತ್ರೆಯಲ್ಲಿ. ಕಾಯಿಲೆ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಹಾಗಾಗಿ ಹದಿಹರೆಯದಲ್ಲಿ ಬದಲಾಗುವ ಜಾಗಗಳೇ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಆ ಗುರುತುಗಳಿಗೆ ಹೊಂದಿಕೊಂಡದ್ದು ಮಗು ಗರ್ಭದಿಂದ ಹೊರಗೆ ಬರುವ ಹೊತ್ತಿನಲ್ಲಿ ಆಗುವ ಬದಲಾವಣೆಗಳು. ಅಂದರೆ ನಿಮ್ಮ ತಮ್ಮನಿಗೆ 21ರಲ್ಲಿ ಕಂಡ ಕಾಯಿಲೆಯ ದಾರಿ ಬಹಳ ಹಿಂದೆಯೇ ಶುರುವಾಗಿರುವ ಸಾಧ್ಯತೆ ಹೆಚ್ಚು.

ಇದನ್ನು ಕೇಳಿ ಅಮ್ಮ ಮತ್ತೆ ಬೆಚ್ಚಬಾರದು. ಗರ್ಭದಲ್ಲಿ ಶುರುವಾಯಿತು ಎಂದರೆ ಗರ್ಭ ಹೊತ್ತವರು ಶುರುಮಾಡಿದರು ಅಂತಲ್ಲ. ಗರ್ಭದಲ್ಲಿರುವ ಮೆದುಳಿನ ಮೇಲೆ ಗುರುತುಗಳು ಎಲ್ಲಿ ಕೂರಬೇಕು ಎನ್ನುವುದನ್ನು ಬಹಳ ಕಡೆ ಮಗುವಿನ ಜೀನ್‌ಗಳೇ ನಿರ್ಧರಿಸುತ್ತವೆ. 2022ರಲ್ಲಿ ಪ್ರಕಟವಾದ ದೊಡ್ಡ ಜೀನ್ ಅಧ್ಯಯನದಲ್ಲಿ ಕಾಯಿಲೆ ಇರುವ 76,755 ಜನರನ್ನೂ ಇಲ್ಲದ 2,43,649 ಜನರನ್ನೂ ಹೋಲಿಸಿ, ಅಪಾಯಕ್ಕೆ ಸಂಬಂಧಿಸಿದ 287 ಜಾಗಗಳನ್ನು ಗುರುತಿಸಿದರು. ಇಂಥ ಜಾಗಗಳಲ್ಲಿ ಬಹುಪಾಲು ಪ್ರೋಟೀನ್ ತಯಾರಿಸುವ ಭಾಗದಲ್ಲಿಲ್ಲ. ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂದು ಹಿಡಿತ ಇಟ್ಟುಕೊಳ್ಳುವ ಭಾಗಗಳಲ್ಲಿವೆ. ಅಲ್ಲಿ ಒಂದು ಅಕ್ಷರ ಬದಲಾದರೆ ಅಕ್ಕಪಕ್ಕದ ಮಿಥೈಲ್ ಗುರುತುಗಳೂ ಬದಲಾಗುತ್ತವೆ.

ಎಸ್‌ಇಟಿಡಿ1ಎ ಎಂಬ ಜೀನ್ ಇದಕ್ಕೆ ಎದ್ದುಕಾಣುವ ಉದಾಹರಣೆ. ಹಿಸ್ಟೋನ್ ಮೇಲೆ ಮಿಥೈಲ್ ಗುರುತು ಹಾಕುವುದೇ ಅದರ ಕೆಲಸ. ಅದರ ಒಂದು ಪ್ರತಿ ಕೆಟ್ಟರೆ ಸ್ಕಿಜೋಫ್ರೇನಿಯಾ ಅಪಾಯ ಬಹಳ ಏರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ತೀರಾ ಅಪರೂಪ, ಆದರೆ ಪಾಠ ದೊಡ್ಡದು. ಇಲ್ಲಿ ಎಪಿಜೆನೆಟಿಕ್ ದೋಷಕ್ಕೆ ಕಾರಣ ಜೀನ್ ದೋಷವೇ. ‘ಜೀನ್ ಅಲ್ಲದಿದ್ದರೆ ಪರಿಸರ, ಪರಿಸರ ಅಂದರೆ ಎಪಿಜೆನೆಟಿಕ್ಸ್’ ಎಂಬ ಹಂಚಿಕೆ ಕೇಳಲು ಚೆಂದ, ನಿಜದಲ್ಲಿ ಹಾಗಿಲ್ಲ.

ರಕ್ತ ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ. ಸ್ಕಿಜೋಫ್ರೇನಿಯಾ ಬರುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ಎಪಿಜೆನೆಟಿಕ್ ಪರೀಕ್ಷೆ ಇಲ್ಲ. ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ರಕ್ತದ ಗುರುತುಗಳು ಮೆದುಳಿನ ಗುರುತುಗಳ ಪ್ರತಿಬಿಂಬವಲ್ಲ, ಇದು ಮೊದಲ ತೊಡಕು. ಎರಡನೆಯದು ಸಿಗರೇಟು. ಎಎಚ್‌ಆರ್‌ಆರ್ ಎಂಬ ಜೀನ್‌ನಲ್ಲಿ ಒಂದು ಜಾಗವಿದೆ. ಸೇದುವವರಲ್ಲಿ ಅಲ್ಲಿನ ಮಿಥೈಲ್ ಗುರುತು ಎಷ್ಟು ಇಳಿದಿರುತ್ತದೆ ಎಂದರೆ, ರಕ್ತ ನೋಡಿಯೇ ಈ ವ್ಯಕ್ತಿ ಸೇದುತ್ತಾರೆ ಎಂದು ಬಹುಮಟ್ಟಿಗೆ ಹೇಳಬಹುದು. ಬಿಟ್ಟ ಮೇಲೆ ಅದು ವರ್ಷಗಟ್ಟಲೆ ನಿಧಾನವಾಗಿ ಮೇಲೇರುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸಿಗರೇಟು ಸೇದುವವರು ಉಳಿದವರಿಗಿಂತ ತುಂಬಾ ಜಾಸ್ತಿ. ಹಾಗಾಗಿ ಎಚ್ಚರ ತಪ್ಪಿದರೆ ಕಾಯಿಲೆಯ ಗುರುತು ಸಿಕ್ಕಿತು ಎಂದು ಹೊಗೆಯ ಗುರುತನ್ನೇ ಹಿಡಿದುಕೊಂಡು ಕೂರುತ್ತೇವೆ. ಈ ಕಾಯಿಲೆಗೆ ಕೊಡುವ ಕ್ಲೋಜಾಪಿನ್‌ನಂಥ ಔಷಧಿಗಳು ರಕ್ತಕಣಗಳ ಪ್ರಮಾಣವನ್ನೇ ಬದಲಿಸಬಹುದು, ಅದು ಇನ್ನೊಂದು ಗೊಂದಲ.

ಗುರುತುಗಳನ್ನು ಅಳಿಸುವ ಬಗ್ಗೆ ಕೇಳಿದ್ದೀರಿ. ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಿಗೆ ಬರುತ್ತದೆ. ಮಿಥೈಲ್ ಗುಂಪುಗಳನ್ನು ದೇಹ ತಯಾರಿಸಿಕೊಳ್ಳುವುದು ಮುಖ್ಯವಾಗಿ ಮಿಥಿಯೊನಿನ್ ಎಂಬ ಅಮೈನೊ ಆಮ್ಲದಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ, ದೀರ್ಘಕಾಲದಿಂದ ಸ್ಕಿಜೋಫ್ರೇನಿಯಾ ಇದ್ದ ರೋಗಿಗಳಿಗೆ ಇನ್ನೊಂದು ಔಷಧಿಯ ಜೊತೆ ಮಿಥಿಯೊನಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಕೆಲವರ ಲಕ್ಷಣಗಳು ಎದ್ದುಕಾಣುವಷ್ಟು ಹದಗೆಟ್ಟವು. ಕಾಯಿಲೆಯೇ ಉಲ್ಬಣಿಸಿತೋ, ಔಷಧಿಯ ನಂಜಿನಿಂದ ಹಾಗಾಯಿತೋ ಎಂಬ ವಾದ ಆಗಲೇ ಇತ್ತು. ಏನೇ ಇರಲಿ, ‘ಮಿಥೈಲ್ ಹೆಚ್ಚಿಸುವ’ ಪುಡಿ, ಮಾತ್ರೆಗಳನ್ನು ತಮ್ಮನಿಗೆ ನಿಮ್ಮಷ್ಟಕ್ಕೆ ಕೊಡಲು ಹೋಗಬೇಡಿ. ಇಂಥ ಮಾತ್ರೆ ದೇಹದಲ್ಲಿ ಒಂದೇ ಜೀನ್ ಹುಡುಕಿಕೊಂಡು ಹೋಗಿ ಕೆಲಸ ಮಾಡುವುದಿಲ್ಲ, ಲಕ್ಷಾಂತರ ಜಾಗಗಳಲ್ಲಿ ಒಟ್ಟಿಗೆ ಕೈ ಹಾಕುತ್ತದೆ.

ವ್ಯಾಲ್ಪ್ರೊಯೇಟ್ ಎಂಬ ಔಷಧಿ ಹಿಸ್ಟೋನ್ ಗುರುತುಗಳನ್ನು ಬದಲಿಸುತ್ತದೆ ಎನ್ನುವುದು ನಿಜ. ಆದರೆ ಅದು ಬಂದದ್ದು ಅಪಸ್ಮಾರಕ್ಕೆ. ಸ್ಕಿಜೋಫ್ರೇನಿಯಾದಲ್ಲಿ ಕೆಲವೊಮ್ಮೆ ಮುಖ್ಯ ಔಷಧಿಯ ಜೊತೆಗೆ ಕೊಡುತ್ತಾರೆ, ಎಪಿಜೆನೆಟಿಕ್ ಚಿಕಿತ್ಸೆಯಾಗಿ ಅಲ್ಲ. ಗರ್ಭಿಣಿ ತೆಗೆದುಕೊಂಡರೆ ಮಗುವಿಗೆ ಗಂಭೀರ ದೋಷಗಳಾಗುವ ಅಪಾಯವಿದೆ. ಸದ್ಯಕ್ಕೆ ತಮ್ಮನನ್ನು ಕಾಪಾಡುತ್ತಿರುವುದು ಅವನ ಈಗಿನ ಔಷಧಿ. ಅದನ್ನು ತಪ್ಪಿಸದೆ ತೆಗೆದುಕೊಳ್ಳುವಂತೆ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಮಗು. ಅಣ್ಣ ತಮ್ಮ, ಅಕ್ಕ ತಂಗಿಗೆ ಈ ಕಾಯಿಲೆ ಇದ್ದರೆ ಜೀವಮಾನದಲ್ಲಿ ತಮಗೂ ಬರುವ ಸಾಧ್ಯತೆ ಹಳೆಯ ಕುಟುಂಬ ಅಧ್ಯಯನಗಳ ಪ್ರಕಾರ 100ಕ್ಕೆ ಸುಮಾರು 9. ಅದರಲ್ಲಿ ದೊಡ್ಡ ಪಾಲು ಹದಿಹರೆಯದ ಕೊನೆಯಿಂದ 30ರವರೆಗಿನ ವರ್ಷಗಳಲ್ಲಿದೆ. ನಿಮಗೆ 34, ಆ ಕಾಲದ ಹೆಚ್ಚಿನ ಭಾಗ ದಾಟಿದ್ದೀರಿ. ಹೆಣ್ಣುಮಕ್ಕಳಲ್ಲಿ 45ರ ಆಚೆ ಇನ್ನೊಂದು ಸಣ್ಣ ಏರಿಕೆ ಇರುವುದು ನಿಜ, ಆದರೆ ಅದು ಸಣ್ಣದೇ. ನಿಮ್ಮ ಮಗುವಿಗೆ ನಿಮ್ಮ ತಮ್ಮ ಸೋದರಮಾವ. ಆ ದೂರದ ಸಂಬಂಧದಲ್ಲಿ ಅಪಾಯ 100ಕ್ಕೆ ಸುಮಾರು 2ರಿಂದ 4. ಯಾರಿಗೂ ಕಾಯಿಲೆಯಿಲ್ಲದ ಕುಟುಂಬಗಳಲ್ಲೂ ಅದು ಸೊನ್ನೆಯಲ್ಲ, ಹೆಚ್ಚುಕಡಿಮೆ 1ರ ಹತ್ತಿರ ಇರುತ್ತದೆ.

ಆ ಗುರುತುಗಳು ಮಗುವಿಗೆ ಹರಿದುಬರುತ್ತವೆಯೇ ಎಂಬ ಭಯಕ್ಕೂ ಉತ್ತರವಿದೆ. ತಮ್ಮನ ಮೆದುಳಿನ ಗುರುತುಗಳು ನಿಮ್ಮ ಮಗುವಿಗೆ ಬರಲು ದಾರಿಯೇ ಇಲ್ಲ. ನಿಮ್ಮವೂ ಬಹುಪಾಲು ಬರುವುದಿಲ್ಲ. ಅಂಡ ಮತ್ತು ವೀರ್ಯಾಣುವಿನ ಮೂಲಕೋಶಗಳು ರೂಪುಗೊಳ್ಳುವಾಗ ಒಮ್ಮೆ, ಅವೆರಡೂ ಸೇರಿದ ಕೂಡಲೇ ಇನ್ನೊಮ್ಮೆ, ಮಿಥೈಲ್ ಗುರುತುಗಳನ್ನು ದೇಹ ದೊಡ್ಡ ಪ್ರಮಾಣದಲ್ಲಿ ಒರೆಸಿ ಹಾಕುತ್ತದೆ. ಕೆಲವೇ ಜಾಗಗಳು ಎರಡನೆಯ ಒರೆಸುವಿಕೆಯಿಂದ ತಪ್ಪಿಸಿಕೊಳ್ಳುತ್ತವೆ. ಡೆನ್ಮಾರ್ಕ್‌ನ ಇನ್ನೊಂದು ಅವಳಿ ಅಧ್ಯಯನ, 1989ರದ್ದು, ಇಲ್ಲಿ ಬಹಳ ಉಪಯುಕ್ತ. ಒಬ್ಬರಿಗೆ ಸ್ಕಿಜೋಫ್ರೇನಿಯಾ, ಇನ್ನೊಬ್ಬರು ಆರೋಗ್ಯವಾಗಿರುವ ತದ್ರೂಪಿ ಅವಳಿಗಳ ಮಕ್ಕಳನ್ನು ನೋಡಿದರು. ಕಾಯಿಲೆ ಇದ್ದವರ ಮಕ್ಕಳಲ್ಲಿ ಅಪಾಯ 16.8%, ಆರೋಗ್ಯವಾಗಿದ್ದವರ ಮಕ್ಕಳಲ್ಲಿ 17.4%. ಸಣ್ಣ ಗುಂಪು, ಆದರೂ ಎರಡು ಸಂಖ್ಯೆಗಳು ಎಷ್ಟು ಹತ್ತಿರ ನೋಡಿ. ಅವಳಿಗಳಲ್ಲಿ ಒಬ್ಬರನ್ನು ಕಾಯಿಲೆಗೆ ತಳ್ಳಿದ್ದು ಏನೇ ಇರಲಿ, ಅದು ಅವರೊಂದಿಗೇ ನಿಂತಿತು. ಮಕ್ಕಳಿಗೆ ದಾಟಿದ್ದು ಇಬ್ಬರಲ್ಲೂ ಇದ್ದ ಜೀನ್‌ಗಳು ಮಾತ್ರ.

ಹಾಗಾಗಿ ಕಾಯಿಲೆಯ ಭಯದಿಂದ ಮಗು ಬೇಡ ಅನ್ನಬೇಕಾಗಿಲ್ಲ. ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಳ್ಳಿ. ಅದು ಮಗುವಿನ ಬೆನ್ನುಹುರಿ, ಮೆದುಳಿನ ಹುಟ್ಟುದೋಷಗಳನ್ನು ತಡೆಯಲು ಎಲ್ಲ ಗರ್ಭಿಣಿಯರಿಗೂ ಹೇಳುವ ಮಾತು, ‘ಮಿಥೈಲ್ ಹೆಚ್ಚಿಸುವ’ ಮಾತ್ರೆಗಳ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆಯನ್ನು ಇದಕ್ಕೆ ಸೇರಿಸಬೇಡಿ. ಮಗು ದೊಡ್ಡದಾದ ಮೇಲೆ ಗಾಂಜಾದಿಂದ ದೂರವಿರಲಿ. ಅದರಲ್ಲೂ ಅಮಲಿನ ಅಂಶ ಹೆಚ್ಚಿರುವುದನ್ನು ಹದಿಹರೆಯದಲ್ಲಿ ದಿನವೂ ಸೇದಿದರೆ ಅಪಾಯ ಏರುತ್ತದೆ ಎಂಬುದಕ್ಕೆ ಬೇಕಾದಷ್ಟು ಪುರಾವೆ ಇದೆ. ಆ ವಯಸ್ಸಿನಲ್ಲಿ ಓದು ಏಕಾಏಕಿ ಕುಸಿದು, ಗೆಳೆಯರನ್ನು ಬಿಟ್ಟು, ನಿದ್ದೆಗೆಟ್ಟು, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನಲು ಶುರುಮಾಡಿದರೆ ಕಾಯದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೋ ಮುಂದಿನ ದಾರಿ ಸಾಮಾನ್ಯವಾಗಿ ಅಷ್ಟು ಸಲೀಸು. ತಮ್ಮನನ್ನು ನೋಡಿಕೊಂಡಿರುವ ನಿಮಗೆ ಈ ಲಕ್ಷಣಗಳು ಬೇರೆಯವರಿಗಿಂತ ಬೇಗ ಕಣ್ಣಿಗೆ ಬೀಳುತ್ತವೆ.